ಅಂಬಾರಾಯನ ಕೈಯ ನೀರು

ಯಮನವ್ವನ ಮುಖ ನೋಡಿದವರು ಐವತ್ತು ಅನ್ನುತ್ತಾರೆ. ಕೈ ನೋಡಿದರೆ ಎಪ್ಪತ್ತು ಅನ್ನಬೇಕು. ಬೆರಳ ಸಂದಿಯಲ್ಲಿ ಬೆಳ್ಳಗೆ ಬೆಂದ ಚರ್ಮ, ಸವೆದ ಉಗುರು, ಒಡೆದ ಅಂಗೈ. ಪುಣೆಯ ಕ್ಯಾಂಪ್ ಭಾಗದ ಲೋಕನಾಥ ಶೇಠರ ಹೋಟೆಲಿನ ಹಿಂದೆ, ಮೋರಿಯ ಪಕ್ಕ ಕೂತು ಅವಳು ಪಾತ್ರೆ ತೊಳೆಯುತ್ತಾಳೆ. ಗಿರಾಕಿಗಳು ಮುಂದಿನ ಬಾಗಿಲಿನಿಂದ ಬರುತ್ತಾರೆ. ಅವರ ಎಂಜಲು ಹಿಂದಿನ ಬಾಗಿಲಿನಿಂದ ಬರುತ್ತದೆ. ಇಷ್ಟು ವರ್ಷ ದುಡಿದರೂ ಅವಳು ಗಿರಾಕಿಗಳ ಮುಖ ಕಂಡಿಲ್ಲ. ಅವರು ಏನು ತಿಂದರು, ಏನು ಬಿಟ್ಟರು ಎಂಬುದಷ್ಟೇ ಗೊತ್ತು.

ಅವಳಿಗೆ ಇರುವವನು ಒಬ್ಬ ಮಗ, ಅಂಬಾರಾಯ. ಮೀಸೆ ಬಂದ ಮಗ. ಆಳೆತ್ತರ ಬೆಳೆದಿದ್ದಾನೆ, ಅಪ್ಪನ ಹಾಗೆ ಅಗಲ ಹೆಗಲು. ಬುದ್ಧಿ ಮಾತ್ರ ಮೈಯ ಜೊತೆ ಬೆಳೆಯಲಿಲ್ಲ. ಅವನು ಹುಟ್ಟುವಾಗ ಅವಳು ಪುಣೆ ಹತ್ತಿರದ ಚಾಕಣದಲ್ಲಿ ಯಾವುದೋ ಕಾರಿನ ಕಾರ್ಖಾನೆಯ ಕಟ್ಟಡಕ್ಕೆ ಜಲ್ಲಿ ಹೊರುತ್ತಿದ್ದಳು. ಬೆಳಿಗ್ಗೆಯೇ ನೋವು ಶುರುವಾಯಿತು. ಸಂಜೆಯವರೆಗೆ ತಡೆದುಕೋ ಎಂದ ಕೂಲಿಯಾಳುಗಳ ಮುಕಾದಮ. ಅವಳು ತಡೆದುಕೊಂಡಳು. ಹೊಟ್ಟೆಯೊಳಗಿನ ಕೂಸೂ ತಡೆದುಕೊಂಡಿತು. ಹೊರಗೆ ಬಂದಾಗ ನೀಲಿಯಾಗಿತ್ತು. ಅಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮುಂದೊಂದು ದಿನ ಅಂಥದೇ ಕಟ್ಟಡದ ತಗಡಿನ ಮೇಲಿಂದ ಅವನಪ್ಪ ಬಿದ್ದ. ಮೇಲೆ ಏಳಲಿಲ್ಲ. ಚಾಕಣದ ರಸ್ತೆಯಲ್ಲಿ ಈಗ ಮಿರಿಮಿರಿ ಮಿಂಚುವ ಕಾರುಗಳು ಓಡಾಡುತ್ತವೆ. ಅವುಗಳನ್ನು ಕಂಡಾಗೆಲ್ಲ ಯಮನವ್ವ ಮುಖ ಬೇರೆ ಕಡೆ ತಿರುಗಿಸುತ್ತಾಳೆ.

ಊರು ಬಿಟ್ಟು ಬಂದವರಿಗೆ ಊರಿಲ್ಲ ಅಂತಾರೆ. ಅಂಬಾರಾಯನಿಗೆ ಓಣಿಯೂ ಇರಲಿಲ್ಲ. ಹೊರಗೆ ಬಿಟ್ಟರೆ ಜೋಪಡಿ ವಸ್ತಿಯ ಹುಡುಗರು ಕಲ್ಲು ಎಸೆಯುತ್ತಿದ್ದರು. ಅವನು ಕಲ್ಲು ಹೆಕ್ಕಿ ನಗುತ್ತ ಅವರಿಗೇ ವಾಪಸು ಕೊಡುತ್ತಿದ್ದ. ಅವರು ಮತ್ತೆ ಎಸೆಯುತ್ತಿದ್ದರು. ಕೊನೆಗೆ ಯಮನವ್ವ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕತೊಡಗಿದಳು. ತಗಡಿನ ಮನೆ. ಬೇಸಗೆಯಲ್ಲಿ ಒಳಗೆ ರೊಟ್ಟಿ ಬೇಯುವಷ್ಟು ಕಾವು. ಸಂಜೆ ಬಂದು ಚಿಲಕ ತೆಗೆದರೆ ಬೆವರಿನಲ್ಲಿ ತೊಯ್ದ ಮಗ ಬಾಗಿಲಲ್ಲೇ ನಿಂತಿರುತ್ತಿದ್ದ. ಕೈಯಲ್ಲಿ ತಂಬಿಗೆ. ತಾಯಿಗೆ ನೀರಡಿಕೆಯಾಗಿರುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದೊಂದು ಅವನಿಗೆ ಹುಟ್ಟಿನಿಂದಲೇ ಗೊತ್ತಿತ್ತು. ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡು, ಉಳಿದರ್ಧ ಅವಳಿಗೆ ಕೊಡುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೆರೆಯವರು ಆಡಿಕೊಂಡರು. ಆಡಿಕೊಳ್ಳಲಿ. ಆ ಅರ್ಧ ತಂಬಿಗೆ ಕುಡಿದೇ ಯಮನವ್ವ ಮರುದಿನ ಕೆಲಸಕ್ಕೆ ಹೋಗುತ್ತಿದ್ದಳು.

ಅವಳಿಗೆ ಇದ್ದದ್ದು ಒಂದೇ ಚಿಂತೆ. ನಾನು ಸತ್ತ ಮೇಲೆ ಈ ಬಾಗಿಲಿನ ಚಿಲಕ ತೆಗೆಯುವವರು ಯಾರು?

ವಸ್ತಿಯ ಮನೆಮನೆ ವಿಚಾರಿಸುತ್ತ ಶ್ರದ್ಧಾ ಬಂದದ್ದು ಹೀಗಿರುವಾಗ. ಕರಾವಳಿ ಕಡೆಯ ಹುಡುಗಿ, ಪುಣೆಯಲ್ಲೇ ಓದಿದವಳು, ದಿನದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟ್. ಆ ಹೆಸರು ಯಮನವ್ವನ ನಾಲಿಗೆಯಲ್ಲಿ ಹೊರಳಲಿಲ್ಲ. ಅವಳ ಸೀಮೆಯಲ್ಲಿ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತಾರೆ. ಅವಳೂ ಹಾಗೇ ಕರೆದಳು. ಹಡಪಸರದಲ್ಲಿ ಎರಡು ಕೋಣೆಯ ಒಂದು ಕೇಂದ್ರ. ಅಲ್ಲಿಗೆ ಬರುವವರೆಲ್ಲ ಅಂಬಾರಾಯನಂಥ ದೊಡ್ಡವರು. ಮಕ್ಕಳಾಗಿದ್ದಾಗ ಅಯ್ಯೋ ಪಾಪ ಎನ್ನುವ ಜನ, ಮೀಸೆ ಬಂದ ಕೂಡಲೇ ಹೆದರಿ ಬಾಗಿಲು ಹಾಕಿಕೊಳ್ಳುತ್ತಾರೆ, ಅದಕ್ಕೇ ನಾನು ದೊಡ್ಡವರ ಜೊತೆ ಕೆಲಸ ಮಾಡುತ್ತೇನೆ ಎಂದಳು ಶ್ರದ್ಧಾ.

"ಅಂಬಾರಾಯನಿಗೆ ಏನೆಲ್ಲ ಬರ್ತದೆ?" ಎಂದು ಕೇಳಿದಳು.

ಯಮನವ್ವ ತಲೆ ಎತ್ತಿ ಅವಳನ್ನು ನೋಡಿದಳು. ಅದುವರೆಗೆ ಕೇಳಿದವರೆಲ್ಲ ಏನು ಬರುವುದಿಲ್ಲ ಎಂದೇ ಕೇಳಿದ್ದರು.

"ನೀರು ಕೊಡ್ತಾನ್ರಿ ಅಕ್ಕೋರ. ನಾ ಬಂದ ಕೂಡ್ಲೆ ತಂಬಿಗಿ ತುಂಬಿ ಕೊಡ್ತಾನ. ಖರೇ ಅಂದ್ರ ಅರ್ಧಾ ಚೆಲ್ಲತಾನ."

"ಹಾಗಾದ್ರೆ ನೀರಿನಿಂದಲೇ ಶುರು ಮಾಡುವ."

ನೀರಿನಿಂದಲೇ ಶುರುವಾಯಿತು. ಮೊದಲು ಖಾಲಿ ಜಗ್ಗು ಹಿಡಿಯುವುದು. ಆಮೇಲೆ ತಳದಲ್ಲಿ ಒಂದು ಗುಟುಕು ನೀರು. ಲೋಟದ ಕಂಠಕ್ಕೆ ಕೆಂಪು ಪಟ್ಟಿ ಸುತ್ತಿ, ಇಲ್ಲಿಯವರೆಗೆ ಹಾಕು, ನಿಲ್ಲು ಎಂದಳು. ಅವನು ಹಾಕಿದ, ನಿಲ್ಲಲಿಲ್ಲ. ಟೇಬಲ್ಲು ತೊಯ್ದಿತು, ನೆಲ ತೊಯ್ದಿತು, ಶ್ರದ್ಧಾಳ ಬಟ್ಟೆ ತೊಯ್ದಿತು. ಅವಳು ಬೈಯಲಿಲ್ಲ. ಅವನ ಎಡ ಹೆಗಲ ಮೇಲೆ ಒಂದು ಬಟ್ಟೆ ಹಾಕಿದಳು. ಚೆಲ್ಲಿದರೆ ಹೆದರಬೇಡ, ಹೆಗಲಿನ ಬಟ್ಟೆ ತೆಗೆ, ಒರೆಸು ಎಂದಳು. ಒರೆಸುವುದನ್ನು ಅವನು ಮೊದಲು ಕಲಿತ. ಹಾಕುವುದನ್ನು ಆಮೇಲೆ ಕಲಿತ. ಕೆಂಪು ಪಟ್ಟಿ ಸಣ್ಣದಾಯಿತು, ಚುಕ್ಕೆಯಾಯಿತು, ಕಡೆಗೆ ಚುಕ್ಕೆಯೂ ಇಲ್ಲದ ಬರಿಯ ಲೋಟಕ್ಕೆ ಕಂಠದವರೆಗೆ ಹಾಕಿ ನಿಲ್ಲಿಸಿದ. ಆ ದಿನ ಕೇಂದ್ರದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತನಗೆ ತಾನೇ ತಟ್ಟಿಕೊಂಡ.

ಅದರ ಮೇಲೆ ಇನ್ನಷ್ಟು. ಬಾಯಲ್ಲಿ ನೀರು ನಿಂತರೆ ನುಂಗು, ಕಿಸೆಯ ಕರವಸ್ತ್ರದಿಂದ ತುಟಿ ಒರೆಸು. ಕಂಡಕ್ಟರಿಗೆ ಪಾಸು ತೋರಿಸು. ಸಾಲಿನಲ್ಲಿ ನಿಂತರೆ ಮುಂದಿನವರ ಮೈಗೆ ತಾಕಬೇಡ. ಶ್ರದ್ಧಾ ಅವನನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ಹೋದಳು, ಮಾರುಕಟ್ಟೆಯಲ್ಲಿ ಕೊತ್ತಂಬರಿ ಕೊಳ್ಳುವುದಕ್ಕೆ ನಿಲ್ಲಿಸಿದಳು. ನಾಲ್ಕು ಗೋಡೆಯ ಒಳಗೆ ಕಲಿತದ್ದು ಕಲಿತ ಹಾಗಲ್ಲ, ಜನರ ನಡುವೆ ನಿಲ್ಲಬೇಕು ಎನ್ನುವುದು ಅವಳ ಹಟ. ಜನರ ನಡುವೆ ನಿಲ್ಲುವುದಕ್ಕೆ ಒಂದು ಮುಖ್ಯ ಪಾಠವನ್ನೂ ಹೇಳಿಕೊಟ್ಟಳು. ಯಾರಾದರೂ ಲೋಟದ ಮೇಲೆ ಅಂಗೈ ಅಡ್ಡ ಇಟ್ಟರೆ ಅವರಿಗೆ ಸಾಕು ಅಂತ ಅರ್ಥ. ಒತ್ತಾಯ ಮಾಡಬೇಡ. ಮುಂದೆ ಹೋಗು.

ಅಂಗೈ ಅಡ್ಡ ಬಂದರೆ ಮುಂದೆ ಹೋಗು. ಇದನ್ನು ಅವನು ಎಲ್ಲಕ್ಕಿಂತ ಚೆನ್ನಾಗಿ ಕಲಿತ.

ಹೊರಗಿನ ಚಿಲಕ ತುಕ್ಕು ಹಿಡಿಯತೊಡಗಿತು.

ಲೋಕನಾಥ ಶೇಠರ ಕಿವಿಗೆ ಈ ಸುದ್ದಿ ಮುಟ್ಟಿಸಿದವಳು ಶ್ರದ್ಧಾಳೇ. ಶೇಠರೂ ಅವಳ ಹಾಗೆ ಕರಾವಳಿಯವರು. ಶೇಠರು ಕೆಟ್ಟವರೆಂದು ಯಾರೂ ಹೇಳುವುದಿಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಾರೆ, ಜ್ವರ ಬಂದರೆ ಗುಳಿಗೆ ಕೊಡಿಸುತ್ತಾರೆ. ತಮ್ಮ ಊರಿನವರ ಸಂಘ ಕಟ್ಟಿ ವರ್ಷಕ್ಕೊಮ್ಮೆ ದೊಡ್ಡ ಊಟ ಹಾಕುತ್ತಾರೆ. ಒಂದು ದಿನ ಅವರು ಮೋರಿಯ ಹತ್ತಿರ ಬಂದು ನಿಂತರು.

"ಯಮನವ್ವ, ನಿನ್ನ ಮಗ ಭಾರೀ ಹುಷಾರಾಗಿದ್ದಾನಂತೆ ಮಾರಾಯ್ತಿ. ಈ ಸಲ ಸಂಘದ ಊಟಕ್ಕೆ ಕರಕೊಂಡು ಬಾ. ಪಂಕ್ತಿಯಲ್ಲಿ ನೀರು ಬಡಿಸಲಿ. ಜನರಿಗೂ ಗೊತ್ತಾಗ್ಲಿ. ಸರಿಯಾಗಿ ಮಾಡಿದ್ರೆ ನಾಳೆಯಿಂದಲೇ ಹೋಟೆಲಿನಲ್ಲಿ ನೀರಿನ ಕೆಲಸ ಅವನಿಗೆ. ಆಯ್ತಲ್ಲ?"

ಯಮನವ್ವನ ಕೈಯಿಂದ ತಾಟು ಜಾರಿ ಮೋರಿಗೆ ಬಿತ್ತು. ಹೋಟೆಲಿನಲ್ಲಿ ಕೆಲಸ. ಮುಂದಿನ ಬಾಗಿಲ ಕಡೆ ಕೆಲಸ. ತನ್ನ ಮಗ ಗಿರಾಕಿಗಳ ಮುಖ ನೋಡುತ್ತಾನೆ, ಗಿರಾಕಿಗಳು ತನ್ನ ಮಗನ ಮುಖ ನೋಡುತ್ತಾರೆ. ತಾನು ಸತ್ತರೂ ನಾಲ್ಕು ಜನ ಏ ಅಂಬಾರಾಯಾ ಎಂದು ಕರೆಯುತ್ತಾರೆ. "ನಿಮ್ಮ ಹೊಟ್ಟಿ ತಣ್ಣಗಿರ್ಲಿ ಶೇಠ್ರ" ಎಂದಳು. ಆ ಹಾರೈಕೆಗಾಗಿ ಆಮೇಲೆ ತನ್ನ ನಾಲಿಗೆಯನ್ನು ತಾನೇ ಶಪಿಸಿಕೊಂಡಳು.

ಊಟದ ದಿನ ಯಮನವ್ವ ಅವನಿಗೆ ಎಣ್ಣೆ ಹಚ್ಚಿ ಮೀಯಿಸಿದಳು. ಬಿಳಿ ಅಂಗಿ ಹಾಕಿದಳು. ಕಿಸೆಯಲ್ಲಿ ಕರವಸ್ತ್ರ, ಎಡ ಹೆಗಲ ಮೇಲೆ ಒಗೆದ ಬಟ್ಟೆ. ಅವನು ದಾರಿಯುದ್ದಕ್ಕೂ ಕೈಯನ್ನು ಜಗ್ಗು ಹಿಡಿದ ಹಾಗೆ ಹಿಡಿದುಕೊಂಡೇ ನಡೆದ.

ಕಲ್ಯಾಣ ಮಂಟಪ ತುಂಬಿತ್ತು. ಮುಂದೆ ವೇದಿಕೆ, ಹಿಂದೆ ಊಟದ ಟೇಬಲ್ಲುಗಳು, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಹಿಂದೆ ಪಾತ್ರೆಯ ಜಾಗ. ಯಮನವ್ವ ಪಾತ್ರೆಯ ಜಾಗದಲ್ಲಿದ್ದಳು. ಅವತ್ತಿನ ಊಟದ ಸ್ಟೀಲ್ ಲೋಟಗಳನ್ನೆಲ್ಲ ಮುಂಜಾನೆಯಿಂದ ಅವಳೇ ಬೆಳಗಿದ್ದಳು. ಒಂದೊಂದರಲ್ಲೂ ತನ್ನ ಮುಖ ಕಾಣುವವರೆಗೆ ಉಜ್ಜಿದ್ದಳು. ಮಗ ನೀರು ಹಾಕುವ ಲೋಟಗಳಲ್ಲವೇ.

ಮೊದಲು ಭಾಷಣ. ಶೇಠರು ಮೈಕು ಹಿಡಿದು ಅಂಬಾರಾಯನನ್ನು ವೇದಿಕೆಗೆ ಕರೆಸಿದರು. "ಇವರೆಲ್ಲ ದೇವರ ಮಕ್ಕಳು" ಎಂದರು. "ಇವರನ್ನು ನಾವು ದೂರ ಇಡಬಾರದು, ಅಪ್ಪಿಕೊಳ್ಳಬೇಕು" ಎಂದರು. ಅಪ್ಪಿಕೊಳ್ಳಲಿಲ್ಲ. ಒಂದು ಜರಿಯಂಚಿನ ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು. ಚಪ್ಪಾಳೆ ಬಿತ್ತು. ಎಲ್ಲರ ಮೊಬೈಲುಗಳು ಮೇಲೆದ್ದವು. ಅಡುಗೆಮನೆಯ ಬಾಗಿಲಲ್ಲಿ ನಿಂತ ಯಮನವ್ವ ಒದ್ದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಬಾರಾಯನೂ ಕರವಸ್ತ್ರ ತೆಗೆದು ತುಟಿ ಒರೆಸಿಕೊಂಡ. ಆಮೇಲೆ ಮೈಮೇಲಿದ್ದ ಶಾಲನ್ನು ತೆಗೆದು ಮಡಚಿ ಮಡಚಿ ಎಡ ಹೆಗಲ ಮೇಲೆ ಹಾಕಿಕೊಂಡ. ಹೆಗಲ ಮೇಲಿದ್ದ ಹಳೆಯ ಬಟ್ಟೆಯನ್ನು ಕಿಸೆಗೆ ತುರುಕಿದ. ಹೊಸ ಬಟ್ಟೆ ಬಂತಲ್ಲ. ಜನ ನಕ್ಕರು. ಪ್ರೀತಿಯಿಂದಲೇ ನಕ್ಕರು ಎಂದುಕೊಂಡಳು ಯಮನವ್ವ.

ಎಲೆ ಹಾಕಿದರು. ಶ್ರದ್ಧಾಳನ್ನು ಸಂಘದ ಹಿರಿಯರು ಫೋಟೋಕ್ಕೆಂದು ವೇದಿಕೆಯ ಮೇಲೆ ನಿಲ್ಲಿಸಿಕೊಂಡರು. ಅಂಬಾರಾಯ ಜಗ್ಗು ಎತ್ತಿಕೊಂಡು ಮೊದಲ ಎಲೆಯ ಮುಂದೆ ಬಂದ.

ಮೊದಲ ಎಲೆಯ ಗಂಡಸು ನಕ್ಕು ಲೋಟದ ಮೇಲೆ ಅಂಗೈ ಇಟ್ಟ. "ಬೇಡಪ್ಪ, ಸಾಕು."

ಅಂಬಾರಾಯ ತಲೆಯಾಡಿಸಿ ಮುಂದೆ ಹೋದ. ಎರಡನೆಯ ಎಲೆಯ ಹೆಂಗಸು ಬಳೆ ತುಂಬಿದ ಕೈಯನ್ನು ಲೋಟದ ಮೇಲಿಟ್ಟಳು. ಮುಂದೆ ಹೋದ. ಮುಂದಿನವನದೂ ಕೈ ಅಡ್ಡ. ಅದರ ಮುಂದಿನವನು ಕೈ ಇಡುವ ತೊಂದರೆಯನ್ನೂ ತೆಗೆದುಕೊಳ್ಳದೆ ಲೋಟವನ್ನು ಬೋರಲು ಹಾಕಿದ. ಯಾರೂ ಬೈಯಲಿಲ್ಲ. ಯಾರೂ ಮುಖ ಸಿಂಡರಿಸಲಿಲ್ಲ. ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ನಯವಾಗಿ, ಒಬ್ಬರನ್ನು ನೋಡಿ ಒಬ್ಬರು, ಸಾಲಿಗೆ ಸಾಲೇ ಲೋಟದ ಬಾಯಿ ಮುಚ್ಚಿತು. ಅವನು ಪ್ರತಿ ಎಲೆಯ ಮುಂದೆ ನಿಂತ. ಪ್ರತಿ ಕೈಯನ್ನೂ ನೋಡಿದ. ಕಲಿಸಿದ್ದನ್ನು ಒಂದು ಕೂದಲಿನಷ್ಟೂ ತಪ್ಪದೆ ಮಾಡಿದ. ಒತ್ತಾಯ ಮಾಡಲಿಲ್ಲ.

ಸಾಲಿನ ಕೊನೆಯಲ್ಲಿ ಶೇಠರ ಅಪ್ಪ ಕೂತಿದ್ದರು. ಕಣ್ಣು ಮಂಜಾದ ಮುದುಕ. ಬಂದವನು ಯಾರೆಂದು ಕಾಣದೆ ಲೋಟ ಮುಂದೆ ಹಿಡಿದರು. "ಹಾಕು ಮಗ, ಬಾಯಿ ಒಣಗಿದೆ."

ಅಂಬಾರಾಯನ ಮುಖ ಅರಳಿತು. ಜಗ್ಗು ಬಗ್ಗಿಸಿದ. ಕಂಠದವರೆಗೆ ಹಾಕಿದ. ನಿಲ್ಲಿಸಿದ. ಒಂದು ಹನಿ ಹೊರಗೆ ಬೀಳಲಿಲ್ಲ.

ಮುದುಕ ಲೋಟವನ್ನು ತುಟಿಗೆ ತರುವಷ್ಟರಲ್ಲಿ ಪಕ್ಕದಲ್ಲಿದ್ದ ಸೊಸೆ, ಶೇಠರ ಹೆಂಡತಿ ಪಂಕಜಾಕ್ಷಿ, ಅದನ್ನು ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. "ಅದು ಬೇಡ ಮಾವ. ಬಾಟಲಿ ಬರ್ತದೆ." ನೀರನ್ನು ಟೇಬಲ್ಲಿನ ಕೆಳಗಿದ್ದ ಬಕೆಟ್ಟಿಗೆ ಸುರಿದಳು. ಅಂಬಾರಾಯ ಲೋಟವನ್ನು ನೋಡಿದ, ಬಕೆಟ್ಟನ್ನು ನೋಡಿದ. ಇದನ್ನು ಶ್ರದ್ಧಾ ಹೇಳಿಕೊಟ್ಟಿರಲಿಲ್ಲ. ಬಕೆಟ್ಟಿಗೆ ಸುರಿದರೆ ಏನು ಮಾಡಬೇಕು ಎಂಬ ಪಾಠ ಇರಲಿಲ್ಲ.

ಅವನು ಒಂದೇ ಲೋಟ ಕಡಿಮೆಯಾದ ಜಗ್ಗು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ. ನಗುತ್ತಲೇ ಬಂದ.

"ಯಾರಿಗೂ ನೀರಡಿಕಿ ಇಲ್ಲವ್ವಾ" ಎಂದ.

ಯಮನವ್ವ ಜಗ್ಗು ನೋಡಿದಳು. ಒಂದು ಲೋಟದಷ್ಟು ಮಾತ್ರ ಖಾಲಿಯಾಗಿತ್ತು. ಇಷ್ಟು ಜನ, ಇಷ್ಟು ಎಲೆ, ಮೇಲೆ ಉಪ್ಪಿನಕಾಯಿ, ಸಾರು. ಅವಳು ಬಾಗಿಲಿನಿಂದ ಇಣುಕಿದಳು. ಶೇಠರ ಭಾವಮೈದುನ ಅವಿನಾಶ್, ಹೋಟೆಲಿನ ಗಲ್ಲೆಯ ಮೇಲೆ ಕೂರುವವನು, ಪೆಟ್ಟಿಗೆ ಒಡೆದು ಎಲೆಗೊಂದರಂತೆ ನೀರಿನ ಬಾಟಲಿ ಇಡುತ್ತಿದ್ದ. ಜನ ಮುಚ್ಚಳ ತಿರುವಿ ಗಟಗಟ ಕುಡಿಯುತ್ತಿದ್ದರು. ಅಂಗೈ ಅಡ್ಡ ಇಟ್ಟಿದ್ದವರೆಲ್ಲ ಕುಡಿಯುತ್ತಿದ್ದರು.

ಅವಳ ಹೆಗಲ ಮೇಲಿನಿಂದ ಅಂಬಾರಾಯನೂ ನೋಡಿದ.

"ಅವ್ವಾ, ಅವರಿಗಿ ನೀರಡಿಕಿ ಆಗ್ಯದ."

ಅಷ್ಟೇ. ಬೇರೆ ಯಾವ ಲೆಕ್ಕವೂ ಅವನ ತಲೆಯಲ್ಲಿ ಇರಲಿಲ್ಲ. ನೀರಡಿಸಿದವರಿಗೆ ನೀರು ಕೊಡಬೇಕು. ಅವಳು ಬೇಡ ಎನ್ನುವುದರೊಳಗೆ ಅವನು ಮತ್ತೆ ಹೊರಟುಬಿಟ್ಟ. ಈ ಸಲ ಅವಸರದಲ್ಲಿದ್ದ. ಶೇಠರ ಅಪ್ಪನ ಖಾಲಿ ಲೋಟದ ಹತ್ತಿರ ಹೋಗಿ ಜಗ್ಗು ಬಗ್ಗಿಸಿದ. ಅಲ್ಲಿ ಅಂಗೈ ಅಡ್ಡ ಇರಲಿಲ್ಲ.

"ಏ ಬಸ್ ಝಾಲಾ ರೇ!" ಅವಿನಾಶ್ ಓಡಿ ಬಂದ. "ಸಾಕು ಅಂದ್ರೆ ಗೊತ್ತಾಗುದಿಲ್ವಾ ನಿನಗೆ?" ಜಗ್ಗಿಗೆ ಕೈ ಹಾಕಿ ಎಳೆದ. ಅಂಬಾರಾಯ ಬಿಡಲಿಲ್ಲ. ಬಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ನೀರು ಧಸಕ್ಕನೆ ಚೆಲ್ಲಿತು. ಪಂಕಜಾಕ್ಷಿಯ ಸೀರೆಯ ಅಂಚು ತೊಯ್ದಿತು. ನೆಲವೆಲ್ಲ ನೀರು.

ಚೆಲ್ಲಿದರೆ ಹೆದರಬೇಡ. ಅಂಬಾರಾಯ ಹೆದರಲಿಲ್ಲ. ಜಗ್ಗು ಬಿಟ್ಟ. ಎಡ ಹೆಗಲಿಗೆ ಕೈ ಹೋಯಿತು. ಶಾಲು ತೆಗೆದ. ಮೊಣಕಾಲೂರಿ ಕೂತು ನೆಲ ಒರೆಸತೊಡಗಿದ. ಜರಿಯಂಚಿನ ಶಾಲಿನಿಂದ, ಮೂಲೆ ಮೂಲೆ ಬಿಡದೆ, ಜನರ ಚಪ್ಪಲಿಗಳ ನಡುವೆ ಕೈ ತೂರಿಸಿ ಒರೆಸಿದ.

"ಅಯ್ಯಯ್ಯೋ, ಸನ್ಮಾನದ ಶಾಲು!" ಯಾರೋ ಕೂಗಿದರು. ಶೇಠರು ಎದ್ದು ಬಂದರು. ಮುಖ ಕೆಂಪಾಗಿತ್ತು. "ಮರ್ಯಾದೆ ಕೊಟ್ರೆ ಅದನ್ನು ನೆಲಕ್ಕೆ ಹಾಕಿ ತಿಕ್ತದೆ ನೋಡಿ ಇದು. ಇವಕ್ಕೆಲ್ಲ ಎಂತ ಕಲಿಸಿದ್ರೂ ಅಷ್ಟೇ."

ವೇದಿಕೆಯ ಮೇಲೆ ದೇವರ ಮಗನಾಗಿದ್ದವನು ನೆಲದ ಮೇಲೆ ಬರೀ 'ಇದು' ಆದ.

ಯಮನವ್ವ ಪಾತ್ರೆಯ ಜಾಗ ಬಿಟ್ಟು ಬಂದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅಡುಗೆಮನೆಯ ಬಾಗಿಲು ದಾಟಿದಳು. ಸೊಂಟಕ್ಕೆ ಸಿಕ್ಕಿಸಿದ ಸೆರಗು, ತೊಡೆಯವರೆಗೆ ಒದ್ದೆ ಸೀರೆ, ಮೊಣಕೈಯವರೆಗೆ ಬೂದಿ ಬಣ್ಣದ ನೊರೆ. ಜನ ತಮ್ಮ ಬಟ್ಟೆ ಎಳೆದುಕೊಂಡು ದಾರಿ ಬಿಟ್ಟರು. ಅವಳು ಶೇಠರ ಅಪ್ಪನ ಎದುರಿಗಿದ್ದ ಖಾಲಿ ಕುರ್ಚಿಯಲ್ಲಿ ಕೂತಳು. ಮುಂದಿದ್ದ ಲೋಟ ಎತ್ತಿ ಹಿಡಿದಳು.

"ಶೇಠ್ರ, ಈ ಲೋಟಾ ಯಾರು ತೊಳ್ದಾರ?"

"ಎಂತ ಇದು ಯಮನವ್ವ? ಏಳು ಮೊದಲು ಅಲ್ಲಿಂದ."

"ನಾ ತೊಳ್ದೀನಿ. ಈ ಕೈಲೆ. ನೀವು ಬಿಟ್ಟ ಎಂಜಲಾ, ನೀವು ಉಗುಳಿದ್ದು, ನಿಮ್ಮ ಮಕ್ಕಳು ಕಾರಿದ್ದು, ಎಲ್ಲಾ ಈ ಕೈಲೆ ತೊಳ್ದೀನಿ. ನಾ ತೊಳ್ದ ಲೋಟಾ ನಿಮ್ಮ ಬಾಯಿಗಿ ನಡೀತದ. ನನ್ನ ಮಗ ಹಾಕಿದ ನೀರು ನಡೆಯಂಗಿಲ್ಲ. ಯಾಕ?"

"ಹಾಗಲ್ಲ ಮಾರಾಯ್ತಿ." ಶೇಠರು ಸುತ್ತ ನೋಡಿ ದನಿ ತಗ್ಗಿಸಿದರು. "ಬಾಯಲ್ಲಿ ಜೊಲ್ಲು ಅದು ಇದು ಅಂತ ಜನರಿಗೆ ಒಂಥರಾ ಆಗ್ತದೆ. ಅಷ್ಟೇ. ಜಾತಿಗೀತಿ ಎಲ್ಲ ಈಗ ಯಾರು ನೋಡ್ತಾರೆ?"

ಜಾತಿಯ ಮಾತನ್ನು ಯಮನವ್ವ ಎತ್ತಿರಲಿಲ್ಲ. ಅವರೇ ಎತ್ತಿದರು. ಜೊಲ್ಲಿಗೆ ಬೇಡವಾದನೋ, ಕೇರಿಗೆ ಬೇಡವಾದನೋ, ಎರಡಕ್ಕೂ ಬೇಡವಾದನೋ. ಕೈ ಅಡ್ಡ ಇಟ್ಟವರು ಅದನ್ನು ಹೇಳುವುದಿಲ್ಲ. ಅಂಗೈಯ ಕೆಳಗೆ ಎಲ್ಲವೂ ಮುಚ್ಚಿಹೋಗುತ್ತದೆ.

"ಅವನ ಬಾಯಿ ನೋಡ್ರಿ" ಎಂದಳು. "ನೋಡ್ರಿ ಬಂದು. ಒಣಗಿ ಬಿರಕ ಬಿಟ್ಟದ. ಮುಂಜಾನಿಂದ ಅಂವ ಒಂದು ಗುಟುಕು ನೀರು ಕುಡದಿಲ್ಲ. ನಿಮಗ ಹಾಕಿದ ಮ್ಯಾಲ ಕುಡೀತೀನಿ ಅಂದಾನ."

ಯಾರೂ ನೋಡಲಿಲ್ಲ. ಎಲೆ ನೋಡುವವರು ಎಲೆ ನೋಡಿದರು, ಮೊಬೈಲು ನೋಡುವವರು ಮೊಬೈಲು ನೋಡಿದರು. ಶೇಠರ ಅಪ್ಪ ಮಾತ್ರ, ಏನಾಯಿತು, ಏನಾಯಿತು ಎಂದು ಕೇಳುತ್ತಲೇ ಇದ್ದರು.

"ಅಂಬೂ, ಬಾ. ನನಗ ನೀರು ಹಾಕು" ಎಂದಳು ಯಮನವ್ವ.

ಜಗ್ಗು ಅವಿನಾಶನ ಕೈಯಲ್ಲಿತ್ತು. ಅಂಬಾರಾಯ ಇನ್ನೂ ನೆಲ ಒರೆಸುತ್ತಿದ್ದ. ಅವಳು ಲೋಟ ಹಿಡಿದೇ ಕೂತಳು. ಶೇಠರು ಕಣ್ಸನ್ನೆ ಮಾಡಿದರು. ಅವಿನಾಶ್ ಒಂದು ಬಾಟಲಿಯ ಮುಚ್ಚಳ ತೆಗೆದು ಅವಳ ಲೋಟಕ್ಕೆ ಬಗ್ಗಿಸಿದ. "ತಗೋ, ಕುಡಿ, ಎದ್ದು ಹೋಗು."

ಯಮನವ್ವ ಲೋಟದ ಮೇಲೆ ಅಂಗೈ ಇಟ್ಟಳು.

ಒಡೆದ ಅಂಗೈ, ಬೆಂದ ಬೆರಳು, ಅರ್ಧ ಉಗುರು. ಸಭೆಯೆಲ್ಲ ಆ ಕೈಯನ್ನು ನೋಡಿತು. ಯಾವ ಕೈ ತಮ್ಮ ಲೋಟ ತೊಳೆಯುತ್ತದೆ ಎಂದು ಅವರು ಅವತ್ತು ಮೊದಲ ಸಲ ಕಂಡರು.

"ನಾಳೆ ಕೆಲಸ ಬೇಕಾ ಬೇಡ್ವಾ ನಿನಗೆ?" ಶೇಠರ ದನಿ ಈಗ ತಗ್ಗಿರಲಿಲ್ಲ.

"ಬ್ಯಾಡ."

ಅವಳು ಎದ್ದಳು. ಮಗನ ರಟ್ಟೆ ಹಿಡಿದು ಎಬ್ಬಿಸಿದಳು. ಅವನು ಒದ್ದೆ ಶಾಲು ಬಿಡಲು ಒಪ್ಪಲಿಲ್ಲ. ಒರೆಸಿದ ಬಟ್ಟೆಯನ್ನು ಹಿಂಡಿ ಒಣಹಾಕಬೇಕು ಎಂದು ಕಲಿತಿದ್ದ. ಅವಳು ಬೆರಳು ಬಿಡಿಸಿ ಅದನ್ನು ಅಲ್ಲೇ ನೆಲದ ಮೇಲೆ ಬಿಟ್ಟಳು. ಹಿಂದುಗಡೆ ಪಾತ್ರೆಯ ಗುಡ್ಡ ಹಾಗೇ ಬಿದ್ದಿತ್ತು. ಅನ್ನದ ಹಂಡೆ, ಸಾರಿನ ಕೊಳಗ, ಪಾಯಸ ಅಂಟಿದ ಸೌಟು. ಅವತ್ತು ಅದನ್ನು ಯಾರು ತೊಳೆದರೋ ಅವಳಿಗೆ ಬೇಕಾಗಿಲ್ಲ.

ಗೇಟಿನ ಹತ್ತಿರ ಶ್ರದ್ಧಾ ಓಡಿ ಬಂದಳು. ಕೂಗಾಟ ಕೇಳಿ ವೇದಿಕೆಯಿಂದ ಇಳಿದವಳಿಗೆ ನಡೆದದ್ದನ್ನು ಯಾರೋ ಹೇಳಿದ್ದರು.

"ಯಮನವ್ವ, ತಪ್ಪು ನನ್ನದು. ಅಂಗೈ ಅಡ್ಡ ಇಟ್ರೆ ಮುಂದೆ ಹೋಗು ಅಂತ ನಾನೇ ಕಲಿಸಿದ್ದು. ಅವನು ಹಾಗೇ ಮಾಡಿದ. ನಾನು ಅಲ್ಲಿ ಇರಬೇಕಿತ್ತು."

"ನೀವು ಅವಗ ಕಲಿಸಿದ್ರಿ ಅಕ್ಕೋರ. ಅಂವ ಕಲ್ತ." ಯಮನವ್ವ ನಿಂತಳು. "ಎಷ್ಟು ಕಷ್ಟಪಟ್ಟು ಕಲ್ತ ನಿಮಗ ಗೊತ್ತದ. ಇವರಿಗಿ ಕಲಸಾಕ ಯಾರರ ಅದಾರೇನ್ರಿ?"

ಶ್ರದ್ಧಾ ಅತ್ತುಬಿಟ್ಟಳು. "ಬೇರೆ ಕಡೆ ಕೆಲಸ ನೋಡುವ. ನಾನು ಬಿಡುದಿಲ್ಲ" ಎಂದಳು. ಒಳ್ಳೆಯ ಹುಡುಗಿ. ಅಳುವುದಕ್ಕೆ ಯಮನವ್ವನಿಗೂ ಬರುತ್ತಿತ್ತು, ಆದರೆ ಬಸ್ಸು ಬಂದಿತ್ತು.

ಬಸ್ಸಿನಲ್ಲಿ ಅಂಬಾರಾಯ ಕಂಡಕ್ಟರಿಗೆ ತಾನೇ ಪಾಸು ತೋರಿಸಿದ. ಮುಂದಿನವರ ಮೈಗೆ ತಾಕದೆ ನಿಂತ. ತುಟಿ ಒರೆಸಿಕೊಂಡ. ತಮ್ಮ ಸ್ಟಾಪು ಬಂದಾಗ ತಾಯಿಗಿಂತ ಮೊದಲು ಎದ್ದ. ಕಲಿಸಿದ್ದನ್ನೆಲ್ಲ ಸರಿಯಾಗಿ ಮಾಡಿದ.

ಮನೆಗೆ ಬಂದು ಯಮನವ್ವ ಹೊಸ್ತಿಲ ಒಳಗೆ ಕುಸಿದು ಕೂತಳು. ಮೊಣಕಾಲು ಸೆಳೆಯುತ್ತಿತ್ತು. ಗಂಟಲು ಒಣಗಿತ್ತು. ಎಂದಿನ ಹಾಗೆ ತಂಬಿಗೆ ಬರುತ್ತದೆ ಎಂದು ಕಣ್ಣು ಮುಚ್ಚಿ ಕೈ ಚಾಚಿದಳು. ಬರಲಿಲ್ಲ. ಕಣ್ಣು ಬಿಟ್ಟರೆ ಅವನು ಮೂಲೆಯಲ್ಲಿ, ಚಿಲಕ ಹಾಕುತ್ತಿದ್ದ ದಿನಗಳಲ್ಲಿ ಕೂರುತ್ತಿದ್ದ ಜಾಗದಲ್ಲಿ, ಗೋಡೆಗೆ ಬೆನ್ನು ಹಚ್ಚಿ ಕೂತಿದ್ದ. ಪಕ್ಕದಲ್ಲೇ ತುಂಬಿದ ಕೊಡ.

"ಅಂಬೂ, ನೀರಡಿಕಿ ಆಗ್ಯದ. ನೀರು ಕೊಡಪಾ."

ಅವನು ಕೊಡದ ಕಡೆ ನೋಡಿದ. ಏಳಲಿಲ್ಲ.

ಅವಳು ತೆವಳಿಕೊಂಡು ಹತ್ತಿರ ಹೋದಳು. ಲೋಟ ತೆಗೆದು ಅವನ ಮುಂದೆ ಹಿಡಿದಳು. "ನಾ ನಿಮ್ಮವ್ವ ಅದೀನಿ. ನನಗ ಹಾಕು. ಕಂಠದ ತನಕ ಹಾಕು, ನೋಡೂಣು."

ಅಂಬಾರಾಯ ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡ. ಆ ಕೈಗಳನ್ನು ಯಾರಾದರೂ ನೋಡಿಯಾರು ಎಂಬಂತೆ ಇಟ್ಟುಕೊಂಡ. ತಲೆ ಅಲ್ಲಾಡಿಸಿದ. ತಾಯಿಗೆ ತಿಳಿಯದ್ದನ್ನು ತಿಳಿಸಿ ಹೇಳುವವನ ಹಾಗೆ, ಬಹಳ ಮೆಲ್ಲಗೆ ಹೇಳಿದ.

"ಇದು ಬ್ಯಾಡವ್ವಾ. ಬಾಟ್ಲಿ ಬರ್ತದ."

ತಿಂಗಳುಗಟ್ಟಲೆ ಕಲಿತದ್ದು ಹೋಗಲಿ. ಹುಟ್ಟಿನಿಂದ ಬಂದದ್ದನ್ನೂ ಅವರು ಒಂದು ಊಟದ ಹೊತ್ತಿನಲ್ಲಿ ಕಸಿದುಕೊಂಡಿದ್ದರು. ಯಮನವ್ವ ಲೋಟ ಕೆಳಗಿಡಲಿಲ್ಲ.

"ಬಾಟ್ಲಿ ಗೀಟ್ಲಿ ನನಗ ಬ್ಯಾಡ. ನಿನ್ನ ಕೈ ನೀರ ಬೇಕು" ಎಂದಳು.

ಅವನು ಅಲುಗಲಿಲ್ಲ. ಅವಳ ತೋಳು ಸೋತಿತು. ಕೈ ಬದಲಾಯಿಸಿ ಮತ್ತೆ ಹಿಡಿದಳು. ಹೊರಗೆ ವಸ್ತಿಯ ನಲ್ಲಿಗೆ ನೀರು ಬಂದಿತ್ತು, ಹೆಂಗಸರು ಕೊಡ ಹಿಡಿದು ಜಗಳ ಆಡುತ್ತಿದ್ದರು. ಯಮನವ್ವ ಖಾಲಿ ಲೋಟವನ್ನು ಮಗನ ಮುಂದೆ ಹಿಡಿದುಕೊಂಡೇ ಕೂತಳು.